ಅಡುಗೆಮನೆಯಲ್ಲೇ ಉಳಿದ ಮತಗಳು

ಈಸ್ಟ್ ಹಾರ್ಲೋ, ವರ್ಮಾಂಟ್
ಮಾರ್ಚ್ ೬, ೧೯೭೧

ಪ್ರೀತಿಯ ಮೆರಿಲ್,

ಹೇಗಿದ್ದೀಯ ಮಗನೇ? ಕಾಲಿನ ಹುಣ್ಣು ಒಣಗಿತೇ? ಒದ್ದೆ ಬೂಟಿನಲ್ಲೇ ಇರಬೇಡ ಎಂದು ಬರೆದರೆ ನೀನು ನಗುತ್ತೀಯ, ಗೊತ್ತು. ಆದರೂ ಬರೆಯುತ್ತೇನೆ. ಉಣ್ಣೆಯ ಕಾಲುಚೀಲ ಬೇಡ, ಹತ್ತಿಯದೇ ಬೇಕು ಎಂದಿದ್ದೆಯಲ್ಲ, ಕಳಿಸಿದ್ದೇನೆ. ಇಲ್ಲಿ ಇನ್ನೂ ಬೇಲಿ ಮುಚ್ಚುವಷ್ಟು ಹಿಮವಿದೆ. ಹಗಲು ಮಾತ್ರ ಒಳ್ಳೆಯ ಬಿಸಿಲು. ನಿಮ್ಮಪ್ಪ ಸಿಹಿ ರಸ ಇಳಿಸಲು ಮೇಪಲ್ ಮರಗಳಿಗೆ ಬಕೆಟ್ ಕಟ್ಟುತ್ತಿದ್ದಾರೆ. ಒಬ್ಬರೇ. ಈ ವರ್ಷ ನಾನು ಸಹಾಯಕ್ಕೆ ಹೋಗಿಲ್ಲ. ಮಂಗಳವಾರ ಸಂಜೆಯಿಂದ ಅವರೊಡನೆ ಮಾತೂ ಆಡಿಲ್ಲ. ಯಾಕೆಂದು ನಿನಗಾದರೂ ಹೇಳದಿದ್ದರೆ ನನ್ನ ಸಿಟ್ಟು ಆರುವುದಿಲ್ಲ.

ಮಂಗಳವಾರ ಊರಸಭೆಯಿತ್ತು. ಈ ಸಲ ರಸ್ತೆ, ಶಾಲೆಯ ಛಾವಣಿಗಳ ಜೊತೆಗೆ ನಾವು ಕೆಲವರು ಇನ್ನೊಂದು ವಿಷಯ ಸೇರಿಸಿದ್ದೆವು: ವಿಯೆಟ್ನಾಮಿನಲ್ಲಿರುವ ಹುಡುಗರನ್ನೆಲ್ಲ ಈ ವರ್ಷವೇ ವಾಪಸ್ ಕರೆಸಿ ಎಂದು ಊರಿನ ಹೆಸರಿನಲ್ಲಿ ವಾಷಿಂಗ್ಟನ್ನಿಗೆ ಬರೆಯಬೇಕೇ, ಬೇಡವೇ. ನಮ್ಮ ಮಾತು ಕೇಳಿ ಅಲ್ಲಿ ಯಾರೂ ಯುದ್ಧ ನಿಲ್ಲಿಸುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೂ ನಿನ್ನನ್ನು ಎತ್ತಿ ಆಡಿಸಿದ ಊರು ಒಮ್ಮೆ ಬಾಯಿಬಿಟ್ಟು ಬಾ ಅನ್ನಲಿ ಎಂಬುದು ನನ್ನ ಆಸೆ. ಪ್ರತಿ ವರ್ಷದಂತೆ ಸಭೆಗೆ ನಿಮ್ಮಪ್ಪನೇ ಅಧ್ಯಕ್ಷರು. ಮೊದಲು ಜಲ್ಲಿ ಲಾರಿಯ ಕ್ಲೇಟನ್ ಎದ್ದು, “ಅರ್ಧಕ್ಕೆ ಬಿಟ್ಟು ಬರೋಕೆ ಅದೇನು ಹುಲ್ಲು ಕೊಯ್ಯೋ ಕೆಲಸಾನಾ? ನಮ್ ಹುಡುಗರಿಗೇ ಅವಮಾನ” ಎಂದ. ಅವನ ಮಗ ಚಪ್ಪಟೆ ಪಾದವೆಂದು ಸೈನ್ಯದಿಂದ ತಪ್ಪಿಸಿಕೊಂಡು ಮನೆಯಲ್ಲಿದ್ದಾನೆ. ಶನಿವಾರ ಬಂತೆಂದರೆ ಅದೇ ಪಾದದಲ್ಲಿ ಕುಣಿಯುತ್ತಾನೆ. ಆಮೇಲೆ ಥೆಲ್ಮಾ ಎದ್ದಳು. ನಿನ್ನ ಗೆಳೆಯ ಡೇಲ್‌ನನ್ನು ಅಕ್ಟೋಬರಿನಲ್ಲಿ ಮಣ್ಣು ಮಾಡಿದ ಮೇಲೆ ಅವನಮ್ಮ ಜನರ ನಡುವೆ ಬಂದದ್ದು ಅದೇ ಮೊದಲು. “ಈಗ ಬಿಟ್ಟು ಬಂದ್ರೆ ನನ್ ಮಗ ಯಾತಕ್ಕೆ ಸತ್ತ, ಹೇಳಿ” ಎಂದು ಕೇಳಿ ಕೂತುಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಡೇಲ್‌ನ ಸಾವಿಗೆ ಅರ್ಥ ಬರಲೆಂದು ನಿನ್ನನ್ನು ಅಲ್ಲೇ ಇಟ್ಟಿರುವುದು ಯಾವ ನ್ಯಾಯ?

ಅಷ್ಟರಲ್ಲಿ ಊಟದ ಹೊತ್ತಾಯಿತು. ಎಂದಿನಂತೆ ಹೆಂಗಸರು ಸಭಾಭವನದ ನೆಲಮಾಳಿಗೆಯಲ್ಲಿ ಬೀನ್ಸ್, ಹ್ಯಾಮ್, ಸೇಬಿನ ಪೈ ಬಡಿಸಿದೆವು. ಗಂಡಸರು ಎರಡೆರಡು ಸಲ ಹಾಕಿಸಿಕೊಂಡು ತಿಂದು ಮೇಲೆ ಹೋದರು. ಪಾತ್ರೆ ತೊಳೆಯಲು ನಾವು ಐದು ಜನ ಉಳಿದೆವು. ಮೇಲೆ ಕ್ಲೇಟನ್ ಚರ್ಚೆ ಸಾಕು, ಕೈ ಎತ್ತಿಸಿ ಎಂದನಂತೆ. ನಿಮ್ಮಪ್ಪ ಎತ್ತಿಸಿದರು. ಎಣಿಸಿದರೆ ಎರಡೂ ಕಡೆ ಸಮ. ಸಮವಾದಾಗ ಅಧ್ಯಕ್ಷ ತನ್ನ ಮತ ಹಾಕಬಹುದು. ಹಾಕದಿದ್ದರೆ ಠರಾವು ಬಿದ್ದುಹೋಗುತ್ತದೆ. ನಿಮ್ಮಪ್ಪ ಹಾಕಲಿಲ್ಲ. ನಾನು ಸೋಪಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹಿಮ ತೆಗೆಯುವ ಲಾರಿಯ ಮಾತು ಶುರುವಾಗಿತ್ತು. ಮುಂದಿನ ವಿಷಯ ಎತ್ತಿಕೊಂಡ ಮೇಲೆ ಆ ದಿನ ಹಿಂದಿನದಕ್ಕೆ ಮರಳುವಂತಿಲ್ಲ. “ಕೂತ್ಕೊಳ್ಳಮ್ಮ ವಿನಿಫ್ರೆಡ್, ನಿಯಮ ಅಂದ್ರೆ ನಿಯಮ” ಎಂದು ಕ್ಲೇಟನ್ ನನಗೆ ಬುದ್ಧಿ ಹೇಳಿದ. ನಾನು ಮಾಡಿದ ಪೈ ಇನ್ನೂ ಅವನ ಮೀಸೆಯಲ್ಲಿತ್ತು.

ಮನೆಗೆ ಬಂದು ನಿಮ್ಮಪ್ಪನನ್ನು ಕೇಳಿದೆ. “ಅಧ್ಯಕ್ಷ ಆಗಿ ನಿಂತೋನು ಮಗನ ಮುಖ ನೋಡಿ ಮತ ಹಾಕೋಕಾಗುತ್ತಾ? ಅವನೇ ಒಂದು ಕಾಗದದಲ್ಲೂ ಬರ್ತೀನಿ ಅಂದಿಲ್ಲ” ಎಂದರು. ಅಂದಿಲ್ಲವಂತೆ. ಇವರು ಕೇಳಿದ್ದಾರೆಯೇ? ಇವರು ನಿನಗೆ ಬರೆಯುವುದು ಹಸು ಈದ ಸುದ್ದಿ, ನೀನು ಬರೆಯುವುದು ಮಳೆಯ ಸುದ್ದಿ. ಮುಂದುವರಿಸಿ ಎಂದವರೂ ನಿಲ್ಲಿಸಿ ಎಂದವರೂ ಹುಡುಗರಿಗೋಸ್ಕರ ಎಂದೇ ಮಾತಾಡಿದರು. ನಾನೂ ಹಾಗೇ ಮಾತಾಡಿದೆ. ಹುಡುಗ ಏನನ್ನುತ್ತಾನೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದನ್ನು ನೆನೆದರೆ ನನಗೆ ನನ್ನ ಮೇಲೂ ಮೈ ಉರಿಯುತ್ತದೆ.

ನೀರು ಕಾಯಿಸಿ ಕುಡಿ. ಮುಂದೆ ನುಗ್ಗಿ ಶೂರನಾಗಬೇಡ. ನಿನ್ನ ಅಜ್ಜಿ ಪ್ರತಿ ಊಟಕ್ಕೂ ಮೊದಲು ನಿನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಾಳೆ. ಸೂಪು ಆರಿಹೋದರೂ ಬಿಡುವುದಿಲ್ಲ. ದೇವರು ನಿನ್ನ ತಲೆ ಕಾಯಲಿ.

ನಿನ್ನ
ಅಮ್ಮ

ಮರೆತ ಮಾತು: ಅಂಚೆಯ ಕಾರು ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ಊರಿನ ಒಂದಷ್ಟು ಜನ ಸಹಿ ಹಾಕಿದರೆ ಅದೇ ವಿಷಯಕ್ಕೆ ಮತ್ತೆ ಸಭೆ ಕರೆಯಲೇಬೇಕು. ಅದೂ ನಿಯಮವೇ. ಪಾತ್ರೆ ತೊಳೆದ ಐವರೂ ಮನೆಮನೆ ತಿರುಗಿ ಸಹಿ ಮಾಡಿಸಿದ್ದೇವೆ. ಏಪ್ರಿಲ್‌ನಲ್ಲಿ ಸಭೆ, ಆ ದಿನ ನಾವು ಯಾರೂ ಅಡುಗೆ ಮಾಡುವುದಿಲ್ಲ. ಥೆಲ್ಮಾ ಕೂಡ ಸಹಿ ಹಾಕಿದಳು. “ಈ ಸಲಾನೂ ನಾನು ಬೇಡ ಅಂತಾನೇ ಕೈ ಎತ್ತಬಹುದು. ಆದ್ರೆ ನಿನ್ ಮಗ ಏನಂತಾನೋ ಕೇಳ್ಬೇಕು. ನನ್ ಮಗನ್ನ ಕೇಳೋಕಾಗ್ಲಿಲ್ಲ” ಎಂದಳು. ಅದಕ್ಕೆ ನೀನು ಬರೆ ಮಗನೇ. ಇರಬೇಕು ಅನ್ನಿಸುತ್ತದೆಯೋ, ಬರಬೇಕು ಅನ್ನಿಸುತ್ತದೆಯೋ, ನಮ್ಮ ಮುಖ ನೋಡದೆ ಬರೆ. ಸಭೆಯಲ್ಲಿ ನಾನೇ ಎದ್ದು ಓದುತ್ತೇನೆ. ಇರುತ್ತೇನೆ ಎಂದು ಬರೆದರೂ ಒಂದಕ್ಷರ ಬಿಡದೆ ಓದುತ್ತೇನೆ. ಆಮೇಲೆ ಕೈ ಎತ್ತುವಾಗ ಮಾತ್ರ ನಾನು ನಿನ್ನ ಅಮ್ಮ.