ಅಣ್ಣನ ಶೆಡ್ಡು ಮಾರುವ ಹೊಣೆ

ಮಂಗಳವಾರ, ಮಾರ್ಚ್ ೧೨

ತೀರಿಕೊಂಡ ಅಣ್ಣನ ಮರಗೆಲಸದ ಶೆಡ್ಡನ್ನು ನಾನು ಕೊಳ್ಳುವಂತಿಲ್ಲ. ಸಂಜೆ ವಕೀಲರು ಫೋನಿನಲ್ಲಿ ತಿಳಿಸಿದರು. ಪೂರ್ತಿ ಬೆಲೆ ಕೊಟ್ಟರೂ ಆಗದೇ ಎಂದು ಕೇಳಿದೆ.

"ಆಗಲ್ಲ. ಶೆಡ್ಡು ಮಾರಿ ಮಗಳ ಹೆಸರಲ್ಲಿ ಹಣ ಇಡೋಕೆ ನಿಮ್ಮಣ್ಣ ಉಯಿಲಿನಲ್ಲಿ ಟ್ರಸ್ಟಿ ಮಾಡಿರೋದು ನಿಮ್ಮನ್ನೇ. ಮಗು ಪರವಾಗಿ ಮಾರೋರೇ ಕೊಂಡ್ರೆ ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ."

"ಟ್ರಸ್ಟಿ ಕೆಲಸ ಬಿಟ್ಟು ಕೊಂಡ್ರೆ?"

"ಕೊಳ್ಳೋಕೇ ಬಿಟ್ರಿ ಅಂತ ಕೋರ್ಟು ಅದನ್ನೂ ಒಪ್ಪಲ್ಲ."

"ನೀನೇ ತಗೊಳಪ್ಪ, ನಾನೇನು ಬೇಡ ಅಂತೀನಾ?" ಎಂದರು ಅತ್ತಿಗೆ. ಆದರೆ ಆಸ್ತಿ ಅವರ ಮಗಳದು. ಒಪ್ಪಿಗೆ ಕೊಡಲು ಅವಳಿಗೆ ಇನ್ನೂ ವಯಸ್ಸಾಗಿಲ್ಲ.

ನಾನು ಕೆಲಸ ಕಲಿತದ್ದು ಆ ಶೆಡ್ಡಿನಲ್ಲಿ, ಇಂದಿಗೂ ದುಡಿಯುವುದು ಅಲ್ಲೇ.

ಮಧ್ಯಾಹ್ನ ಶೆಡ್ಡು ಕೊಳ್ಳಲು ನೋಡಬಂದ ಪೀಠೋಪಕರಣದ ವ್ಯಾಪಾರಿ ಮರ ಕಡೆಯುವ ಯಂತ್ರ ನೋಡಿ ಗುಜರಿ ಎಂದು ಹೊರಟಿದ್ದ. ನಾನು ಸುಮ್ಮನಿದ್ದರೆ ಸಾಕಿತ್ತು, ಶೆಡ್ಡು ಅವನ ಕೈಗೆ ಹೋಗುತ್ತಿರಲಿಲ್ಲ. ಆದರೆ ಒಳ್ಳೆಯ ಬೆಲೆ ಬರುವಂತೆ ನೋಡುವುದೂ ಟ್ರಸ್ಟಿಯ ಹೊಣೆ. ಅವನನ್ನು ನಿಲ್ಲಿಸಿ, ಮಂಚದ ಕಾಲೊಂದನ್ನು ಕಡೆದು ತೋರಿಸಿದೆ. ಅವನು ಅದನ್ನು ಸವರಿ, "ಯಂತ್ರದ ಜೊತೆ ನೀವೂ ಬರ್ತೀರಾ?" ಎಂದು ನಕ್ಕ.

ಆ ಕಾಲು ಅಷ್ಟು ಚೆನ್ನಾಗಿ ಬರಬಾರದಿತ್ತು. ಕೈ ಕೇಳಲಿಲ್ಲ.

ಗುರುವಾರ ಹತ್ತು ಗಂಟೆಗೆ ಅವನು ಶೆಡ್ಡಿಗೆ ಮುಂಗಡ ತರುತ್ತಾನೆ. ಬಾಗಿಲು ನಾನು ತೆರೆಯಬೇಕು.