ಹೊಸ್ತಿಲಿಂದ ಎದ್ದೆ

ನರೀನ್ ಸೀಮೆ,
ಅಕ್ಟೋಬರ್ ೧೪

ನನ್ನ ಮುದ್ದಿನ ಐಜಿರೆಕ್,

ಹೇಗಿದ್ದೀಯ ಕೂಸೇ? ಗಂಟಲು ವಾಸಿಯಾಯಿತೆ? ಕೂಗಿ ಕೂಗಿ ಹಾಡಿದ ಮೇಲೆ ತಣ್ಣೀರು ಕುಡಿಯಬೇಡ. ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಕರಗಿಸಿ ಕುಡಿ. ಮೂಗು ಮುರಿಯಬೇಡ, ಈ ಮನೆಯವರೆಲ್ಲ ಅದನ್ನೇ ಕುಡಿದು ಬೆಳೆದವರು. ನನ್ನ ಮಂಡಿನೋವು ಹಾಗೇ ಇದೆ. ಕಂದು ಹಸು ಕರು ಹಾಕಿದೆ. ಫೋನಿನಲ್ಲಿ ಮಾತಾಡಿದರೆ ಮನೆಯೆಲ್ಲ ಕಿವಿಯಾಗುತ್ತದೆ, ಅದಕ್ಕೇ ನೀನಿರುವ ಬಿಷ್ಕೆಕ್ ಪಟ್ಟಣಕ್ಕೆ ಹೊರಟ ವ್ಯಾನಿನವನ ಕೈಲಿ ಈ ಕಾಗದ.

ನಿನ್ನ ರ‍್ಯಾಪ್ ಹಾಡು ಊರಿನ ಫೋನುಗಳಲ್ಲೆಲ್ಲ ಓಡಾಡಿದಾಗ ನಿನ್ನಪ್ಪ "ಇನ್ನು ಈ ಮನೆ ಮೆಟ್ಟಿಲು ತುಳೀಬೇಡ" ಎಂದದ್ದು ನನಗೂ ಚುಚ್ಚಿತು. ಹುಡುಗಿಯನ್ನು ಹೊತ್ತು ತಂದು ಮದುವೆಯಾಗುವುದು ಗಂಡಸುತನವಲ್ಲ, ಕಳ್ಳತನ ಎಂದು ಹಾಡಿದ್ದೆ ನೀನು. ಊರ ಹಿರಿಯರು ಮನೆಗೇ ಬಂದು ನಿನ್ನಪ್ಪನಿಗೆ, "ತೊಕ್ತೊಸುನ್, ಮಗಳಿಗೆ ಕಡಿವಾಣ ಇಲ್ವೇನಯ್ಯಾ? ಅದೂ ಒಂದು ಪದ್ಯಾನಾ? ಬರೀ ಬೈಗುಳ!" ಎಂದು ಹೋದರು. ಸುಳ್ಳೇಕೆ, ನನಗೂ ಅದು ಹಾಡು ಅನ್ನಿಸಿರಲಿಲ್ಲ. ರಾಗವಿಲ್ಲ, ತಂತಿ ಮೀಟುವವರಿಲ್ಲ, ಬೀದಿಜಗಳದಂಥ ಮಾತು.

ಈಗ ನಡೆದದ್ದು ಕೇಳು. ಹೋದ ವಾರ ಪಕ್ಕದ ಬೀದಿಯ ಕನಿಶಾಯ್ ಓಡಿಬಂದು, "ದೊಡ್ಡಮ್ಮಾ, ಬೇಗ ಬನ್ನಿ, ನಮ್ಮನೆಗೆ ಸೊಸೆ ಬಂದಿದ್ದಾಳೆ" ಎಂದಳು. ಹೋಗಿ ನೋಡಿದರೆ ಆಸ್ಪತ್ರೆಯ ನರ್ಸ್ ಮಿರ್ಜಾಯಿಮ್! ಕೆಲಸ ಮುಗಿಸಿ ಮನೆಗೆ ಹೊರಟವಳನ್ನು ಕನಿಶಾಯಳ ಮಗ, ಅವನ ಗೆಳೆಯರು ಕಾರಿಗೆ ಎಳೆದುಕೊಂಡು ತಂದಿದ್ದರು. ಮದುವಣಗಿತ್ತಿಯ ಬಿಳಿ ತಲೆವಸ್ತ್ರ ಹಿಡಿದು ಹೆಂಗಸರು ಸುತ್ತ ನಿಂತಿದ್ದರು. ಅವಳು ಬಾಗಿಲಿಗೆ ನುಗ್ಗುತ್ತಿದ್ದಳು. "ನೀವೇ ಹಿರಿಯರು, ಹೊಸ್ತಿಲಿಗೆ ಅಡ್ಡ ಮಲಗಿ. ನಿಮ್ಮನ್ನ ದಾಟೋ ಧೈರ್ಯ ಯಾರಿಗಿದೆ?" ಎಂದರು ಆ ಹೆಂಗಸರು ನನಗೆ. ಮುದುಕಿಯನ್ನು ದಾಟಿ ಹೋದವಳಿಗೆ ಶಾಪ ತಟ್ಟುತ್ತದೆಂದು ನಂಬಿದವರಲ್ಲವೇ ನಾವು. ನಾನು ಮಲಗಿದೆ. ನನ್ನನ್ನು ಈ ಮನೆಗೆ ಹೊತ್ತು ತಂದ ದಿನವೂ ಒಬ್ಬ ಮುದುಕಿ ಹೀಗೇ ಮಲಗಿದ್ದಳು. ನಾನು ದಾಟಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಹುಡುಗಿ ನನ್ನ ತನಕ ಬಂದು ನಿಂತುಬಿಟ್ಟಳು. ಹಲ್ಲು ಕಚ್ಚಿ ಏನೋ ಗೊಣಗುತ್ತಿದ್ದಳು. ಕಿವಿಗೊಟ್ಟರೆ ನಿನ್ನ ಮಾತು! "ಕುರಿಯಲ್ಲ ನಾನು, ಕುದುರೆಯಲ್ಲ, ಕೇಳದೆ ಕಟ್ಟೋಕೆ, ಬಾಯಿದೆ ನನಗೆ, ಬಾಯಿದೆ ನನಗೆ, ಬೇಡ ಅನ್ನೋಕೆ." ಏದುಸಿರಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು, ದೇವರನ್ನು ಕರೆಯುವ ಹಾಗೆ. ನಿನ್ನ ಹಾಡಿಗೆ ರಾಗವೇಕಿಲ್ಲ ಎಂದು ಆಗ ತಿಳಿಯಿತು ನನಗೆ. ಹೆದರಿದವಳಿಗೆ ರಾಗ ಎಳೆಯಲು ಉಸಿರೆಲ್ಲಿರುತ್ತದೆ ಮಗಳೇ?

ಬಾಗಿಲ ಚೌಕಟ್ಟು ಹಿಡಿದು ಎದ್ದೆ. "ದೊಡ್ಡಮ್ಮಾ, ಏನ್ಮಾಡ್ತಿದ್ದೀರಿ!" ಎಂದು ಕನಿಶಾಯ್ ಕಿರುಚಿದಳು. "ನನಗೆ ಯಾರೂ ದಾರಿ ಬಿಡ್ಲಿಲ್ಲ ಕಣೇ, ನಾನು ಬಿಡ್ತೀನಿ. ನಡಿ ಹುಡುಗಿ, ಶಾಪ ಗೀಪ ಏನಿಲ್ಲ" ಎಂದು ಅವಳ ಕೈ ಹಿಡಿದು ಹೊರಬಂದೆ. ಅಂಗಳದಲ್ಲಿದ್ದ ಗಂಡಸರು ಮುದುಕಿಯನ್ನು ಮುಟ್ಟಲಾರದೆ ನಿಂತರು. "ಮೊಮ್ಮಗಳು ಹುಡುಗೀರನ್ನ ಕೆಡಿಸಿದ್ಳು, ಈಗ ಮುದುಕೀನೂ ಕೆಟ್ಳು" ಎಂದು ಹಿಂದಿನಿಂದ ಯಾರೋ ಅಂದರು. ನನಗೆ ನಗು ಬಂತು. ಅವಳನ್ನು ತಾಯಿಯ ಮಡಿಲಿಗೆ ಸೇರಿಸಿ ಬಂದೆ.

ಹಿರಿಯರು ಮತ್ತೆ ಬಂದು, ನಾನು ಅಲ್ಲಿ ಆಡಿದ ಮಾತನ್ನೆಲ್ಲ ಹೇಳಿ ದೂರಿದರು. ನಿನ್ನಪ್ಪ ಚಹಾ ಕೊಟ್ಟು ಕಳಿಸಿದ. ಅವರು ಹೋದ ಮೇಲೆ ನನ್ನ ಪಕ್ಕ ಕೂತು, "ಅಮ್ಮಾ, ನಿನ್ನನ್ನೂ ಹೊತ್ಕೊಂಡೇ ತಂದಿದ್ರಾ?" ಎಂದ. ಹೂಂ ಎಂದೆ. ತುಂಬಾ ಹೊತ್ತು ನನ್ನ ಕಾಲು ಒತ್ತುತ್ತಾ ಕೂತಿದ್ದ.

ನಿನ್ನ ದಾರಿ ಬೆಳ್ಳಗಿರಲಿ, ನಿನ್ನ ನಾಲಗೆಗೆ ದಣಿವಾಗದಿರಲಿ. ಜೊತೆಗಿರುವ ಹುಡುಗಿಯರ ಹಣೆಗೂ ನನ್ನ ಮುತ್ತು.

ನಿನ್ನ ಅಜ್ಜಿ,
ಉಮ್‌ಸುನಾಯ್

ಅಯ್ಯೋ, ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಕುರಿ ಮಾರುವ ನೆಪ ಹೇಳಿ ನಿನ್ನಪ್ಪ ಶನಿವಾರ ಅಲ್ಲಿಗೆ ಬರುತ್ತಿದ್ದಾನೆ. ನೀನು ಹಾಡುವ ಜಾಗ ಎಲ್ಲೆಂದು ನನ್ನನ್ನೇ ಕೇಳಿ ತಿಳಿದುಕೊಂಡ. ಹಿಂದಿನ ಸಾಲಿನಲ್ಲಿ ಬಿಳಿ ಉಣ್ಣೆಟೋಪಿಯವನೊಬ್ಬ ಕಂಡರೆ ತಡವರಿಸಬೇಡ. ಅವನಿಗಾಗಿ ಒಂದು ಮಾತನ್ನೂ ನುಂಗಬೇಡ. ಪೂರ್ತಿ ಹಾಡು.