ಜಂತಿಯ ಬುರುಡೆಗಳನ್ನು ಕೊಡಲೇ?

ತಮ್ಮಾ ಇಲಾರಿಯೋ,

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ, ಅದೂ ಮುನಿಸಿಕೊಂಡು ವಿಳಾಸ ಹೇಳದೆ ಹೋಗಿ! ನಿನ್ನನ್ನು ಹುಡುಕಿ ಕೊಡಲೆಂದು ಇದನ್ನು ನದಿಯ ದೋಣಿಯವರ ಕೈಗೆ ಕೊಡುತ್ತಿದ್ದೇನೆ. ಕೋತಿಗಳ ಮೈ ಬೆಳೆದಂತೆ ತಲೆಯ ಆಕಾರ ಹೇಗೆ ಬದಲಾಯಿತೆಂದು ಹುಡುಕುವ ಮರಿಸೆಲಾ ಎಂಬ ಹುಡುಗಿ ಇಕಿಟೋಸ್ ಪಟ್ಟಣದಿಂದ ಬಂದಿದ್ದಾಳೆ. ನೀನು ಬೇಟೆಯಾಡಿ ಜಂತಿಗೆ ಕಟ್ಟಿದ್ದ ಬುರುಡೆಗಳನ್ನೆಲ್ಲ ಇಳಿಸಿ ಅಳೆದಳು.

"ಈ ಕೂಗುಕೋತಿ ನೋಡಿ ಅಜ್ಜಿ. ಮೈ ದೊಡ್ಡದು, ಮೂತಿ ಉದ್ದ, ಮಿದುಳಿಗೆ ಜಾಗ ಮಾತ್ರ ಇಷ್ಟೇ!"

"ಎಲೆ ತಿಂದು ಅರಚೋಕೆ ಮಿದುಳು ಯಾಕೇ ಬೇಕು?"

"ನಾನೂ ಅದನ್ನೇ ಹುಡುಕ್ತಿರೋದು" ಎಂದು ನಕ್ಕಳು.

ಪುಟ್ಟ ಮಚಿನ್ ಕೋತಿಯ ಬುರುಡೆಯನ್ನು ಅದರ ಪಕ್ಕದಲ್ಲಿಟ್ಟು ನಾನೇ ಬೆರಳಲ್ಲಿ ಅಳೆದೆ. ನಿಜ ಕಣೋ, ಮೈ ಪುಟ್ಟದಾದರೂ ಮಿದುಳಿನ ಜಾಗ ಮಚಿನ್‌ಗೇ ಹೆಚ್ಚು! ಯಾಕೆಂದು ನನಗೂ ತಿಳಿಯಬೇಕು.

ಅವನ್ನು ಒಯ್ಯಲೇ ಎಂದು ಕೇಳಿದ್ದಾಳೆ. ಬೇಟೆಗಾರ ಒಪ್ಪದೆ ಬುರುಡೆ ಮನೆ ದಾಟಿದರೆ ಅವನ ಗುರಿ ಕೆಡುತ್ತದೆಂದು ಹಿರಿಯರ ಮಾತಿದೆಯಲ್ಲ. ಕೊಟ್ಟರೆ ಈ ಮನೆಯಲ್ಲಿ ನಿನ್ನದೆನ್ನುವುದು ಇನ್ನೇನೂ ಇರುವುದಿಲ್ಲ. ಅವಳ ದೋಣಿ ಜೂನ್ ಹದಿನೈದಕ್ಕೆ. ಹದಿನಾಲ್ಕರೊಳಗೆ ಉತ್ತರ ಕೊಡು.